ಕೆಂಚಕ್ಕನ ಬೋಣಿ ನೋಟು

ಕೆಂಚಕ್ಕನ ಸಿಟ್ಟನ್ನು ಕೊಟ್ಟೂರಿನ ಬಸ್ ನಿಲ್ದಾಣದ ಸುತ್ತ ಎಲ್ಲರೂ ಬಲ್ಲರು. ಮಿರ್ಚಿ ಆರಿದೆ ಎಂದವನಿಗೆ ಕುದಿಯುವ ಬಾಣಲೆಯನ್ನೇ ತೋರಿಸುವ ಹೆಂಗಸು. ತೊಂಬತ್ತೆಂಟರ ಆ ಸೋಮವಾರ ಮಾತ್ರ ತಗ್ಗಿ ಬಗ್ಗಿ ವ್ಯಾಪಾರಿಗಳ ಸಂಘದ ಕಚೇರಿ ಹೊಕ್ಕಳು. ರಸ್ತೆ ಬದಿಯ ತಳ್ಳುಗಾಡಿಗಳನ್ನೆಲ್ಲ ಪಂಚಾಯಿತಿಯವರು ವಾರದೊಳಗೆ ಎತ್ತಿಸುವವರಿದ್ದರು. ಸಂಘ ಕಟ್ಟಿಸಿದ ಆರು ಮಳಿಗೆಗಳಲ್ಲಿ ಒಂದೇ ಉಳಿದಿತ್ತು, ಸಾವಿರ ರೂಪಾಯಿ ಮುಂಗಡ ಮೊದಲು ಕಟ್ಟಿದವರಿಗೆ ಅದು. ಅದೂ ತಪ್ಪಿದರೆ ಮಂಡಕ್ಕಿ ಮಿರ್ಚಿ ಮಾರಲು ಅವಳಿಗೆ ನಿಲ್ಲುವ ಜಾಗವೇ ಇರಲಿಲ್ಲ.

ಗಂಟು ಬಿಚ್ಚಿದಳು. ಎಲ್ಲ ಎರಡು ರೂಪಾಯಿ ನೋಟು, ಐನೂರು. ದಿನದ ಮೊದಲ ಗಿರಾಕಿ ಕೊಟ್ಟ ಬೋಣಿ ನೋಟನ್ನು ಕಣ್ಣಿಗೊತ್ತಿ, ಕುಂಕುಮ ಹಚ್ಚಿ, ದೇವರ ಮುಂದಿನ ಡಬ್ಬಿಗೆ ಹಾಕುತ್ತ ಬಂದಿದ್ದಳು. ಎಂಥ ಅಡಚಣೆಯಲ್ಲೂ ಅದನ್ನು ಮುಟ್ಟಿರಲಿಲ್ಲ.

ಗುಮಾಸ್ತ ಬೆನಕಪ್ಪ ಬೆರಳ ತುದಿಯಿಂದ ಗಂಟನ್ನು ಹಿಂದಕ್ಕೆ ದಬ್ಬಿದ.

"ಎರಡು ರೂಪಾಯಿ ನೋಟು ಸರ್ಕಾರದೋರು ವಾಪಸ್ ತಗಳ್ಳಾಕ ಹತ್ಯಾರಂತ. ಅದರಾಗ ನೀ ಕುಂಕುಮ ಬ್ಯಾರೆ ಬಡದೀದಿ. ಇವು ನಡಿಯಂಗಿಲ್ಲವ್ವ."

"ಯಾರು ಹೇಳಿದ್ರು ನಿಮಗ? ಎರಡು ರೂಪಾಯಿ ಅಂತ ಕನ್ನಡದಾಗ ಬರದೈತಿ, ನೋಡ್ರಿ!"

"ಊರೇ ಹೇಳಾಕ ಹತ್ತೈತಿ. ಸಂಜಿ ನಾಕರೊಳಗ ಬ್ಯಾರೆ ನೋಟು ತಾ."

ಬ್ಯಾಂಕಿಗೆ ಓಡಿದಳು. ಕೌಂಟರಿನ ಹುಡುಗಿ, ನೋಟು ರದ್ದಾಗಿಲ್ಲ, ಆದರೆ ಬಣ್ಣ ಹತ್ತಿದ್ದನ್ನು ಒಂದೊಂದಾಗಿ ನೋಡಬೇಕು, ಗುರುವಾರ ಬನ್ನಿ ಎಂದಳು. ಗುರುವಾರದವರೆಗೆ ಕಾಯಲು ಮಳಿಗೆಯೇನು ಕೆಂಚಕ್ಕನ ತವರುಮನೆಯದೇ?

ಸರ್ಕಾರ ರದ್ದು ಮಾಡದ ನೋಟನ್ನು ಊರೆಲ್ಲ ಸೇರಿ ರದ್ದು ಮಾಡಿತ್ತು. ಎಣ್ಣೆ ಅಂಗಡಿಯವನಿಗೆ ಬೇಡ, ಕಡ್ಲೆಹಿಟ್ಟಿನವನಿಗೆ ಬೇಡ. ಬೇಕಾಗಿದ್ದುದು ಕಿರಾಣಿ ಸಾಹುಕಾರ ಗುರುಸಂಗಪ್ಪನೊಬ್ಬನಿಗೆ.

"ನೂರಕ್ಕ ಎಂಬತ್ತು ಕೊಡ್ತೀನಿ. ನಿನ್ನ ಕಷ್ಟ ನೋಡಾಕಾಗವಲ್ದು," ಎಂದ.

ಕಷ್ಟ ನೋಡಲಾಗದವನು ಇನ್ನೂರು ರೂಪಾಯಿ ನುಂಗಿದ. ಬೇರೆ ದಾರಿ ಕಾಣದೆ ಕೆಂಚಕ್ಕ ಎಂಟುನೂರಕ್ಕೆ ಕೈಯೊಡ್ಡಿದಳು. ಹೂ ಮಾರುವ ಎರ್ರೆಮ್ಮನ ಕೈಕಾಲು ಹಿಡಿದು ಉಳಿದ ಇನ್ನೂರು ಹೊಂದಿಸುವ ಹೊತ್ತಿಗೆ ಮೂರೂವರೆ ಆಗಿತ್ತು.

ಕಚೇರಿಯ ಬಾಗಿಲಿಗೆ ಬಂದವಳಿಗೆ ಮೊದಲು ಕಂಡದ್ದು ಗುರುಸಂಗಪ್ಪನ ಬೆನ್ನು. ಮೇಜಿನ ಮೇಲೆ ಅವಳದೇ ನೋಟುಗಳು, ಕುಂಕುಮದ ಸಮೇತ. ಬೆನಕಪ್ಪ ಉಗುಳು ಹಚ್ಚಿ ಎಣಿಸುತ್ತಿದ್ದ. ರಸೀದಿ ಪುಸ್ತಕ ತೆರೆದಿತ್ತು.

"ಮುಂಜಾನಿ ನಡೀದ ನೋಟು ಈಗ ಹೆಂಗ ನಡೀತಾವ?"

"ಸಾಹುಕಾರ್ರು ಕೊಟ್ರ ಬ್ಯಾಂಕಿನೋರು ತಗಂತಾರ," ಎಂದ ಬೆನಕಪ್ಪ, ತಲೆ ಎತ್ತದೆ. "ಉಳಿದ ಮಳಿಗಿಗೆ ಅವರು ಮೊದಲು ಕಟ್ಯಾರ, ನೀ ಹೊತ್ತು ಮಾಡಿ ಬಂದಿ."

ಕೆಂಚಕ್ಕ ಎರಡೂ ಅಂಗೈಗಳನ್ನು ನೋಟಿನ ಮೇಲೆ ಅಪ್ಪಳಿಸಿದಳು.

"ಹೊತ್ತು ಮಾಡಿದ್ನಾ? ಈ ದುಡ್ಡು ಮುಂಜಾನಿ ಇದೇ ಮೇಜಿನ ಮ್ಯಾಲಿತ್ತು! ದಬ್ಬಿದಾಂವ ನೀನು. ಈಗ ನಡೀತಾವಂದ್ರ ಆಗಲೂ ನಡೀತಿದ್ವು. ಮೊದಲು ಕಟ್ಟಿದಾಕಿ ನಾನು!" ಎಂಟುನೂರನ್ನು ಗುರುಸಂಗಪ್ಪನ ಎದೆಗೆ ಎಸೆದಳು. "ತಗಾ, ನಿನ್ನ ಕನಿಕರ!"

"ಮಾರಿದ್ದು ಮಾರಿಹೋತು," ಎಂದು ಆತ ಗುರುಗುಟ್ಟಿದ.

ಅಷ್ಟರಲ್ಲಿ ಅವಳ ಕೂಗಿಗೆ ಚಹಾದವರು, ಹಣ್ಣಿನವರು ಬಂದು ಬಾಗಿಲು ತುಂಬಿದ್ದರು. "ನನ್ನ ನೋಟೂ ಎಂಬತ್ತಕ್ಕ ಒಯ್ದಾನ ಇಂವ!" ಎಂದಳು ಎರ್ರೆಮ್ಮ. "ನಂದೂ," ಎಂದಿತು ಇನ್ನೊಂದು ದನಿ. ಗುರುಸಂಗಪ್ಪ ನೆಲದ ಮೇಲಿನ ಎಂಟುನೂರನ್ನು ಬಳಿದುಕೊಂಡು ಯಾರ ಮುಖವನ್ನೂ ನೋಡದೆ ಹೋದ.

ಬೆನಕಪ್ಪ ಗಂಟಲು ಸರಿಮಾಡಿಕೊಂಡು ಪೆನ್ನು ಹಿಡಿದ. "ಹೆಸರು?"

ಹನ್ನೊಂದು ವರ್ಷದಿಂದ ದಿನಾ ಸಂಜೆ ಅವಳ ಗಾಡಿಯ ಮುಂದೆ ನಿಂತು, "ಕೆಂಚಕ್ಕ, ಇನ್ನೊಂದು ಹಾಕು" ಎನ್ನುತ್ತಿದ್ದವನು ಹೆಸರು ಕೇಳುತ್ತಿದ್ದಾನೆ! ಕೆಂಚಕ್ಕ ಪೆನ್ನು ಕಿತ್ತುಕೊಂಡು, ರಸೀದಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿ, ಹಾಳೆ ಹರಿಯುವಷ್ಟು ಒತ್ತಿ ತಾನೇ ಬರೆದಳು.