ಇಳಿಜಾರಿನ ಗಾಳಿ

ಓಕ್ ಕಾಯೊಂದನ್ನು ಹಲ್ಲಿನಲ್ಲಿ ಒಡೆದು, ತಿರುಳನ್ನು ನಾಲಿಗೆಯ ತುದಿಗೆ ತಾಗಿಸಿ ಆರ್ಡಿಸ್ ಉಗಿದಳು. ಕಹಿ ಇತ್ತು, ಆದರೆ ಮುಖ ಕಿವುಚುವಷ್ಟಲ್ಲ. ಬಿಳಿ ಓಕ್. ಜಿಂಕೆಗಳು ಬೇರೆಲ್ಲ ಮೇವು ಬಿಟ್ಟು ಇದಕ್ಕೇ ಬರುತ್ತವೆ.

ಬಿಲ್ಲು ಬಾಣದಲ್ಲಿ ಜಿಂಕೆ ಬೇಟೆಗೆ ಅನುಮತಿಯಿರುವ ಕಾಲ ಶುರುವಾಗಲು ಎಂಟು ದಿನ ಉಳಿದಿತ್ತು. ಇಪ್ಪತ್ತಾರು ವರ್ಷ ಅವಳು ಕೂತು ಕಾದ ಜೋಳದ ಹೊಲ ಈ ವಸಂತದಲ್ಲಿ ಮಾರಾಟವಾಗಿ, ಹೊಸ ಮಾಲೀಕ ಗೇಟಿಗೆ ಬೀಗ ಹಾಕಿದ್ದ. ಚಳಿಗಾಲಕ್ಕೆ ಅವಳ ಫ್ರೀಜರ್ ಮಾಂಸದಿಂದ ತುಂಬುತ್ತಿದ್ದುದೇ ಆ ಹೊಲದ ದೆಸೆಯಿಂದ. ಗಂಡ ತೀರಿಕೊಂಡ ವರ್ಷವೂ ಫ್ರೀಜರ್ ಖಾಲಿ ಇರಲಿಲ್ಲ. ಈ ವರ್ಷವೂ ಖಾಲಿ ಬಿಡುವ ಯೋಚನೆ ಅವಳಿಗಿರಲಿಲ್ಲ. ಸರ್ಕಾರಿ ಕಾಡು ಎಲ್ಲರದು. ನಡೆಯುವ ಕಾಲಿದ್ದರೆ ಜಾಗ ಸಿಗುತ್ತದೆ.

ಅದೇ ಹೊಲ ಕಳೆದುಕೊಂಡ ಇನ್ನೊಬ್ಬನೆಂದರೆ ಅವಳ ಗಂಡನ ಅಣ್ಣ, ಎಪ್ಪತ್ತೆರಡರ ಎಮೆಟ್. ಹೋದ ಭಾನುವಾರ ಅವನ ಜಗಲಿಯಲ್ಲಿ ಮಾತಾಗಿತ್ತು.

"ಎಲ್ಲಾದ್ರೂ ಜಾಗ ಸಿಕ್ತೇನೆ?" ಎಮೆಟ್ ಕೇಳಿದ್ದ.

"ಸಿಕ್ಕಿದ್ರೆ ನಿಂಗ್ಯಾಕೆ ಹೇಳ್ಲಿ?"

"ಹೇಳ್ಬೇಡ ಬಿಡು. ಸ್ಕೂಲ್ ಬಸ್ ಓಡ್ಸೋಳು ನೀನು. ಕಾಡಲ್ಲೂ ಸ್ಟಾಪ್ ಬರ್ಲಿ ಅಂತ ಕಾಯ್ತಿರ್ತೀಯ."

"ನಿನ್ ಕಥೆ ನೋಡ್ಕೋ. ಮಂಡಿಲಿ ಸ್ಟೀಲ್ ಇಟ್ಕೊಂಡು ಇನ್ನೆಲ್ಲಿ ಹತ್ತೀಯ? ಜಿಂಕೆನೇ ಬಂದು ಬಾಗ್ಲು ತಟ್ಟಬೇಕು."

"ತಟ್ಟಿದ್ರೆ ಕೂರ್ಸಿ ಕಾಫಿ ಕೊಡ್ತೀನಿ. ನಿಂಗಂತೂ ಹೇಳಲ್ಲ."

ಅಲ್ಲಿನ ಬೇಟೆಗಾರರಲ್ಲಿ ಒಬ್ಬರ ಜಾಗ ಇನ್ನೊಬ್ಬರು ಕೇಳುವಂತಿಲ್ಲ, ಹೇಳುವಂತಿಲ್ಲ. ಮೊದಲು ಕಂಡವರು ಗುರುತು ಕಟ್ಟುತ್ತಾರೆ. ಆಮೇಲೆ ಬಂದವರು ಅದನ್ನು ನೋಡಿ ಸದ್ದಿಲ್ಲದೆ ಹಿಂದಿರುಗುತ್ತಾರೆ. ಆರ್ಡಿಸ್‌ಳದು ಕೆಂಪು ಉಣ್ಣೆ ದಾರ. ಎಮೆಟ್‌ನದು ಹುಲ್ಲಿನ ಹೊರೆ ಕಟ್ಟುವ ನೀಲಿ ಹುರಿ.

ಇಳಿಜಾರಿನ ನಡುವೆ ಜಿಂಕೆಗಳ ಜಾಡು ಅಂಗೈ ರೇಖೆಯಷ್ಟು ಸ್ಪಷ್ಟವಾಗಿತ್ತು. ಕೊಂಬು ತಿಕ್ಕಿದ ಎಳೆಮರದ ಗಾಯ ಇನ್ನೂ ಒದ್ದೆಯಾಗಿತ್ತು. ಆರ್ಡಿಸ್‌ಳ ಕೈ ಜೇಬಿನ ದಾರದತ್ತ ಹೋಯಿತು. ಆಗಲೇ ಜಾಡಿನ ಮೇಲ್ಗಡೆ, ಬಿದ್ದ ದಿಮ್ಮಿಯೊಂದರ ಹಿಂದೆ, ಒಟ್ಟಿದ ಕೊಂಬೆಗಳ ಮರೆಯಲ್ಲಿ, ಮಗುಚಿಟ್ಟ ಬಕೆಟ್ ಕಂಡಿತು. ಅದರ ಮೇಲೆ ಹಸಿರು ಕಾರ್ಪೆಟ್ಟಿನ ತುಂಡು. ಅವಳದೇ ಮನೆಯ ಹಜಾರದ್ದು. ಹಿಂದೊಮ್ಮೆ ಎಮೆಟ್, ಅವಳ ಗಂಡ ಇಬ್ಬರೂ ಸೇರಿ ಕಿತ್ತು ತೆಗೆದಿದ್ದರು. ದಿಮ್ಮಿಗೆ ನೀಲಿ ಹುರಿ ಸುತ್ತಿತ್ತು.

"ಮುದುಕಪ್ಪಾ, ಇಲ್ಲೀತನಕ ಹೆಂಗ್ ಬಂದ್ಯೋ!" ಎಂದಳು. ಕೆಸರಿನಲ್ಲಿ ಊರುಗೋಲಿನ ದುಂಡು ಗುರುತುಗಳು ಉತ್ತರ ಹೇಳುತ್ತಿದ್ದವು.

ಹಿಂದಿರುಗಬೇಕಾದವಳು ಬಕೆಟ್ಟಿನ ಮೇಲೆ ಕೂತಳು. ಕೂತ ಮೇಲೆ ಅಭ್ಯಾಸಬಲ. ನಮ್ಮ ಎಕ್ಕದ ಜಾತಿಯದೇ ಒಂದು ಗಿಡ ಅಲ್ಲಿಯೂ ಬೆಳೆಯುತ್ತದೆ; ಗಾಳಿಯ ದಿಕ್ಕು ನೋಡಲೆಂದು ಜೇಬಿನಲ್ಲಿಟ್ಟುಕೊಂಡಿದ್ದ ಅದರ ಕಾಯಿಯ ಹತ್ತಿಯನ್ನು ಒಂದು ಚಿಟಿಕೆ ಗಾಳಿಗೆ ಬಿಟ್ಟಳು. ಅದು ಜಾಡಿನಿಂದ ದೂರ, ಗುಡ್ಡದ ಮೇಲಕ್ಕೆ ತೇಲಿತು. ಸರಿಯಾಗಿಯೇ ಕೂತಿದ್ದಾನೆ. ಆದರೂ ಕಾದಳು. ಬಿಸಿಲು ಗುಡ್ಡದ ಹಿಂದೆ ಸರಿದ ಮೇಲೆ ಇನ್ನೊಂದು ಚಿಟಿಕೆ ಬಿಟ್ಟರೆ, ಹತ್ತಿ ಹಿಂದಿರುಗಿ ಅವಳ ಮೊಣಕಾಲು ಸವರಿಕೊಂಡು ನೇರ ಜಾಡಿಗೇ ಇಳಿಯಿತು.

ಎಮೆಟ್‌ಗೆ ಇದು ಗೊತ್ತಿಲ್ಲ. ಅವನ ಮಗಳು ಬೆಳಿಗ್ಗೆ ಕಾರಿನಲ್ಲಿ ತಂದು ಬಿಟ್ಟು, ಮಧ್ಯಾಹ್ನ ಮೂರಕ್ಕೆ ಕೆಲಸಕ್ಕೆ ಹೋಗುವ ಮೊದಲು ಕರೆದೊಯ್ಯುತ್ತಾಳೆ. ಜೋಳದ ಹೊಲ ಚಪ್ಪಟೆ. ಅಲ್ಲಿ ದಿನವಿಡೀ ಒಂದೇ ಗಾಳಿ. ಇಲ್ಲಿ ಸಂಜೆ ತಂಪು ಕೆಳಗೆ ಜಾರುತ್ತದೆ. ಬೇಟೆ ಶುರುವಾಗುವ ಶನಿವಾರ ಮಗಳಿಗೆ ರಜೆ, ಇವನು ಕತ್ತಲಾಗುವವರೆಗೂ ಕೂರುತ್ತಾನೆ, ಇವನ ವಾಸನೆ ಹಿಡಿದು ಹಿಂಡೇ ಓಡುತ್ತದೆ.

ಸುಮ್ಮನಿದ್ದರೆ ಸಾಕಿತ್ತು. ವಾರವೆಲ್ಲ ಬರಿಗೈಯಲ್ಲಿ ಕೂತು ಅವನೇ ಹುರಿ ಬಿಚ್ಚುತ್ತಾನೆ. ಇದೇ ಅವನ ಕೊನೆಯ ವರ್ಷವೆಂದು ಹೇಗೂ ಊರೇ ಹೇಳುತ್ತಿತ್ತು.

ಆರ್ಡಿಸ್ ಸ್ವಲ್ಪ ಹೊತ್ತು ಕಾರ್ಪೆಟ್ಟಿನ ಸವೆದ ಅಂಚನ್ನು ನೋಡಿದಳು. ಜೇಬಿನಲ್ಲಿ ಉಳಿದಿದ್ದ ಒಂದು ಇಡೀ ಕಾಯಿಯನ್ನು ಸೀಳಿ, ಹತ್ತಿ ಕಾಣುವಂತೆ ಬಕೆಟ್ಟಿನ ಮೇಲಿಟ್ಟು ಇಳಿದು ಹೋದಳು.

ಉಳಿದ ದಿನಗಳಲ್ಲಿ ಇನ್ನೆರಡು ಗುಡ್ಡ ಅಲೆದಳು. ಎಲ್ಲಿಯೂ ಅಂಥ ಜಾಗವಿರಲಿಲ್ಲ. ಗುರುವಾರ ಕಾಲು ತಾನಾಗಿ ಅತ್ತ ಎಳೆಯಿತು.

ಬಕೆಟ್ ಅಲ್ಲಿರಲಿಲ್ಲ. ಜಾಡಿನ ಕೆಳಗೆ, ಸಂಜೆಯ ಗಾಳಿ ವಾಸನೆಯನ್ನು ಜಾಡಿನಿಂದ ಆಚೆ ಒಯ್ಯುವ ಹಳ್ಳದ ದಂಡೆಗೆ ಹೋಗಿತ್ತು. ಮರೆಗೆ ಒಟ್ಟಿದ್ದ ಕೊಂಬೆಗಳೂ ಒಂದೊಂದಾಗಿ ಎಳೆಸಿಕೊಂಡು ಅಲ್ಲಿಗೆ ಬಂದಿದ್ದವು. ಆ ಮಂಡಿಯಲ್ಲಿ ಎಷ್ಟು ಸಲ ಹತ್ತಿ ಇಳಿದನೋ. ಊರುಗೋಲಿನ ಗುರುತು ಮಾತ್ರ ಅಲ್ಲಿಗೇ ನಿಂತಿರಲಿಲ್ಲ. ಹಳ್ಳದ ತಿರುವು ದಾಟಿ, ಇನ್ನೂರು ಹೆಜ್ಜೆ ಆಚೆಗೆ, ಎರಡು ಜಾಡು ಕೂಡುವಲ್ಲಿ ನಿಂತ ಒಂದು ನೆಟ್ಟನೆಯ ಓಕ್ ಮರದವರೆಗೆ ಹೋಗಿತ್ತು.

ಆ ಮರಕ್ಕೆ ನೀಲಿ ಹುರಿ ಕಟ್ಟಿತ್ತು. ಇಪ್ಪತ್ತಡಿ ಮೇಲೆ ಅಟ್ಟಣೆ ಹಾಕಿದರಷ್ಟೇ ಉಪಯೋಗಕ್ಕೆ ಬರುವ ಮರ. ಜಗಲಿಯ ಮೂರು ಮೆಟ್ಟಿಲಿಗೇ ಕಂಬ ಹಿಡಿಯುವವನು ಕಟ್ಟಿದ ಹುರಿ. ಗಂಟಿನ ಸಂದಿಯಲ್ಲಿ ಅವಳು ಇಟ್ಟುಹೋಗಿದ್ದ ಹತ್ತಿಯ ಕಾಯಿಯ ಒಣ ಸಿಪ್ಪೆ ಸಿಕ್ಕಿಸಿತ್ತು.

ಎಮೆಟ್‌ನ ಗಂಟು ಎಂದರೆ ಚಾಕು ಹಾಕಿಯೇ ಬಿಡಿಸಬೇಕು. ಆರ್ಡಿಸ್ ಹುರಿಯ ತುದಿ ಹಿಡಿದು ಮೆಲ್ಲಗೆ ಎಳೆದಳು. ಶೂ ಲೇಸಿನಂತೆ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಹುರಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಅವಳು ಕೆಂಪು ದಾರ ಹೊರತೆಗೆದಳು.