ಕಾಲೊರೆಸಿಕೊಂಡು ಒಳಗೆ ಬನ್ನಿ

ಚರ್ಚಿನ ಸಭಾಂಗಣದಲ್ಲಿ ಹಿಲ್ಡಾ, ಕೊಯ್ದಿಟ್ಟ ಸ್ಯಾಂಡ್‌ವಿಚ್ಚುಗಳನ್ನೇ ಮತ್ತೆ ಎರಡೆರಡು ಮಾಡುತ್ತಿದ್ದಳು. ತಂಗಿ ವಿನಿಯ ಮಣ್ಣಿಗೆ ಬಂದರೆ ಊರಿನ ಒಂದಿಪ್ಪತ್ತು ಜನ ಬಂದಾರು ಎಂದು ಅಷ್ಟಕ್ಕೇ ಹ್ಯಾಮ್ ತರಿಸಿದ್ದಳು. ಈಗ ನೋಡಿದರೆ ಚರ್ಚಿನ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ರೈಲು ತುಂಬ ಬಂದಿಳಿದ ವಿನಿಯ ಓದುಗರು ಸಾಲದ್ದಕ್ಕೆ ನಿಲುವಂಗಿ ತೊಟ್ಟಿದ್ದರು, ಸೊಂಟಕ್ಕೆ ಮರದ ಕತ್ತಿ ಸಿಕ್ಕಿಸಿಕೊಂಡಿದ್ದರು. ಅದೂ ಗಡ್ಡ ನೆರೆತವರು!

"ಸಾವಿನ ಮನೆಗೆ ಬರೋ ವೇಷಾನಾ ಇದು?" ಎಂದಳು ಹಿಲ್ಡಾ.

ಪಕ್ಕದ ಮನೆಯ ನೋರಾ ದೊಡ್ಡ ಕೆಟಲಿಗೆ ಚಹಾಪುಡಿ ಸುರಿಯುತ್ತ ನಕ್ಕಳು. "ಪಾದ್ರಿಗಳು ಹೇಳಿದ್ದು ಕೇಳಿಸ್ಕೊಳ್ಲಿಲ್ವಾ? ವಿನಿ ಬರೆಯೋಕೆ ಮುಂಚೆ ಇಂಥ ಕತ್ತಿ-ಮಂತ್ರದ ಕತೆಗಳಲ್ಲಿ ಡ್ರ್ಯಾಗನ್ ಬರ್ತಿದ್ದಿದ್ದೇ ಸಾಯೋಕಂತೆ. ಇವಳು ಬರೆದ ಮೇಲೆ ಅದನ್ನ ಕೊಲ್ಲೋಕೆ ಯಾರಿಗೂ ಮನಸ್ಸೇ ಬರ್ತಿಲ್ವಂತೆ."

"ಏನು ಡ್ರ್ಯಾಗನ್ನೋ ಏನೋ."

"ಏನೋ ಅಂತೀಯಲ್ಲೇ! ಊರಿಗೆಲ್ಲ ಗೊತ್ತು. ಆ ಡ್ರ್ಯಾಗನ್ ನೀನೇ ಕಣೇ."

ಹಿಲ್ಡಾಳ ಚಾಕು ನಿಂತಿತು. ನೋರಾ ನಾಲಿಗೆ ಕಚ್ಚಿಕೊಂಡಳು. ಆಡಿದ್ದು ಆಡಿಯಾಗಿತ್ತು.

ಹಿಲ್ಡಾ ಆ ಪುಸ್ತಕಗಳನ್ನು ಓದಿದವಳಲ್ಲ. ಮದುವೆಯಾಗದ ಅಕ್ಕತಂಗಿಯರಿಬ್ಬರದು ಒಂದೇ ಮನೆ, ಒಂದೇ ಒಲೆ. ವಿನಿ ಅಂಚೆ ಕಚೇರಿಯಿಂದ ಬಂದು ಬರೆಯಲು ಕೂತರೆ ಬೇಯಿಸಿದ್ದು, ಒಗೆದದ್ದು, ಅವಳ ಕೆಮ್ಮಿಗೆ ಎದೆ ತಿಕ್ಕಿದ್ದು ಎಲ್ಲ ಹಿಲ್ಡಾಳೇ. ಜೀವಮಾನವಿಡೀ ಮಾಡಿದ್ದಕ್ಕೆ ತಂಗಿಯ ಕಣ್ಣಿಗೆ ತಾನು ಕಂಡದ್ದು ಬೆಂಕಿ ಕಾರುವ ಮೃಗವೇ? ಕೇಳೋಣವೆಂದರೆ ಕೇಳಬೇಕಾದವಳು ಈಗಷ್ಟೇ ಮಣ್ಣಿನಡಿ ಹೋಗಿದ್ದಳು.

* * *

ಎಷ್ಟೋ ವರ್ಷಗಳ ಹಿಂದಿನ ಒಂದು ಚಳಿಗಾಲದ ಸಂಜೆ. ಅಡುಗೆಮನೆಯ ಮೇಜಿನ ಆ ತುದಿಯಲ್ಲಿ ವಿನಿ ಬರೆಯುತ್ತಿದ್ದಳು, ಈ ತುದಿಯಲ್ಲಿ ಹಿಲ್ಡಾ ಆಲೂಗಡ್ಡೆ ಹೆರೆಯುತ್ತಿದ್ದಳು.

"ಅಕ್ಕಾ, ಯಾರಾದ್ರೂ ಕತ್ತಿ ಹಿಡ್ಕೊಂಡು ನಮ್ಮನೆ ಬಾಗಿಲಿಗೆ ಬಂದ್ರೆ ಏನಂತೀಯಾ?"

"ಅದನ್ನ ಹೊರಗಿಡು, ಕಾಲೊರೆಸ್ಕೊಂಡು ಒಳಗೆ ಬಾ ಅಂತೀನಿ. ಇನ್ನೇನನ್ಲಿ? ಮೊದ್ಲು ನೀನು ಆ ಶಾಯಿ ಕೈ ತೊಳ್ಕೊ. ಸೂಪ್ ಆರ್ತಿದೆ."

ವಿನಿ ಪೆನ್ನು ಕೆಳಗೆ ಬೀಳುವಷ್ಟು ನಕ್ಕಳು. ತನ್ನನ್ನು ಗೇಲಿ ಮಾಡಿದಳೆಂದು ಹಿಲ್ಡಾ ಮಲಗುವವರೆಗೂ ಮುಖ ಊದಿಸಿಕೊಂಡಿದ್ದಳು.

* * *

ಸಭಾಂಗಣದ ಬಾಗಿಲು ಧಡಾರೆಂದು ತೆರೆಯಿತು. ಗೋರಿಗಳ ನಡುವಿನ ಕೆಸರನ್ನೆಲ್ಲ ಬೂಟಿನಲ್ಲಿ ಹೊತ್ತುಕೊಂಡು ನಿಲುವಂಗಿಯವರ ದಂಡು ಹೊಸ್ತಿಲಿಗೆ ಬಂತು. ಬೆಳಿಗ್ಗೆ ತಾನೇ ಮಂಡಿಯೂರಿ ಒರೆಸಿದ ನೆಲ! ಹಿಲ್ಡಾಳ ಸಂಕಟವೆಲ್ಲ ಸಿಟ್ಟಾಗಿ ಹೊರಬಿತ್ತು.

"ಏಯ್! ಆ ಕತ್ತಿಗಳನ್ನ ಹೊರಗಿಡಿ! ಕಾಲೊರೆಸ್ಕೊಂಡು ಒಳಗೆ ಬನ್ನಿ!"

ಎಲ್ಲರೂ ಇದ್ದಲ್ಲೇ ನಿಂತರು. ಹಿಂದೆ ಯಾರೋ ಬಿಕ್ಕಿದರು, ಇನ್ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಕತ್ತಿಗಳನ್ನು ಗೋಡೆಗೆ ಒರಗಿಸಿ, ಹಬ್ಬಕ್ಕೆ ಬಂದವರ ಹಾಗೆ ಮುಖ ಅರಳಿಸಿಕೊಂಡು ಕಾಲೊರೆಸತೊಡಗಿದರು. ಕೆಲವರು ಎರಡೆರಡು ಸಲ ಒರೆಸಿದರು.

"ಏನಾಗಿದೆ ಇವ್ರಿಗೆಲ್ಲ?" ಎಂದಳು ಹಿಲ್ಡಾ.

ಮುಂದಿದ್ದ ಉದ್ದನೆಯ ಆಸಾಮಿ, ಲೀಡ್ಸ್ ನಗರದ ಗಣಿತದ ಮೇಷ್ಟ್ರು ಡೆರೆಕ್, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಅಮ್ಮಾ, ಗುಹೆ ಬಾಗಿಲಲ್ಲಿ ಡ್ರ್ಯಾಗನ್ ಹೇಳೋ ಮೊದಲನೇ ಮಾತೇ ಅದು. ನಮಗೆಲ್ಲ ಬಾಯಿಪಾಠ."

ಹಿಲ್ಡಾ ಏಪ್ರನ್ನಿನ ತುದಿ ಹಿಂಡಿದಳು. "ಆಮೇಲೆ? ಅದು ಏನ್ ಮಾಡುತ್ತೆ?"

"ಬೈಯುತ್ತೆ. ಬೈತಾ ಬೈತಾನೇ ಊಟ ಹಾಕುತ್ತೆ. ಒದ್ದೆ ಕಾಲುಚೀಲ ಬಿಚ್ಚಿಸಿ ತನ್ನ ಉಸಿರಲ್ಲೇ ಒಣಗಿಸಿ ಕೊಡುತ್ತೆ. ಹಿಮದಲ್ಲಿ ದಾರಿ ತಪ್ಪಿದೋರೆಲ್ಲ ಹುಡುಕ್ಕೊಂಡು ಹೋಗೋದು ಆ ಗುಹೆನೇ. ನಮ್ಮಮ್ಮ ತೀರ್ಕೊಂಡಾಗ ನಾನೂ ದಿನಾ ಅಲ್ಲಿಗೇ ಹೋಗ್ತಿದ್ದೆ, ಪುಸ್ತಕ ತೆಗೆದು." ಅವನು ಕನ್ನಡಕ ಮತ್ತೆ ಹಾಕಿಕೊಂಡ. "ಈಗ ಇಂಥ ಕತೆ ಬರೆಯೋರೆಲ್ಲ ಎಲ್ಲಾದ್ರೂ ಒಂದು ಬೆಚ್ಚಗಿನ ಗುಹೆ ಇಟ್ಟೇ ಇಡ್ತಾರೆ. ಎಲ್ಲ ನಿಮ್ಮ ತಂಗಿ ಹಾಕಿದ ದಾರಿ."

ಹಿಲ್ಡಾ ಕೆಟಲಿನತ್ತ ತಿರುಗಿದಳು. ಅಂದು ಆ ಹುಡುಗಿ ಪೆನ್ನು ಬೀಳಿಸಿಕೊಂಡು ನಕ್ಕದ್ದು ಗೇಲಿಗಲ್ಲ, ಖುಷಿಗೆ!

"ಸಕ್ಕರೆ ಎಷ್ಟು?" ಎಂದು ಗದರಿದಳು. "ಬಾಯಿ ಬಿಟ್ಕೊಂಡು ನಿಂತ್ರೆ ಚಹಾ ತಣ್ಣಗಾಗಲ್ವಾ? ನೋರಾ, ನಮ್ಮನೆಯಿಂದ ಆ ಹಣ್ಣಿನ ಕೇಕ್ ತಗೊಂಬಾರೇ. ಕ್ರಿಸ್ಮಸ್ಸಿಗೆ ಇಟ್ಟಿದ್ದು. ಪೂರ್ತಿ ತಾ!"

ಬೈಸಿಕೊಂಡವರೆಲ್ಲ ಸಂತೋಷದಿಂದ ಸಾಲುಗಟ್ಟಿದರು. ಅವರಲ್ಲಿ ಕೆಲವರು ಬೇಕೆಂದೇ ಚಹಾ ಚೆಲ್ಲಿ ಮತ್ತೊಮ್ಮೆ ಬೈಸಿಕೊಂಡರು.

ಸಂಜೆಯ ರೈಲಿಗೆ ಅವರನ್ನು ಕಳಿಸಲು ಹಿಲ್ಡಾ ಅಂಗಳಕ್ಕೆ ಬಂದಳು. ಮೂಗು ಕಚ್ಚುವ ಚಳಿ. ವಿನಿಯ ಹಸಿ ಮಣ್ಣಿನ ಪಕ್ಕ ನಿಂತು ಗೇಟಿನತ್ತ ನೋಡಿದಳು. ಅವರೆಲ್ಲ ಕತ್ತಿ ಸಿಕ್ಕಿಸಿಕೊಂಡು, ಹೋಗಲು ಮನಸ್ಸಿಲ್ಲದೆ ತಿರುತಿರುಗಿ ನೋಡುತ್ತಿದ್ದರು.

"ನೋಡ್ಕೊಳೇ," ಎಂದು ತಂಗಿಗೆ ಮೆಲ್ಲಗೆ ಹೇಳಿ, ಹಿಲ್ಡಾ ಎದೆ ತುಂಬ ಗಾಳಿ ಎಳೆದುಕೊಂಡಳು. ಏಪ್ರನ್ನು ಎರಡೂ ಕೈಯಲ್ಲಿ ರೆಕ್ಕೆಯಂತೆ ಅಗಲಿಸಿ, ಅವರತ್ತ "ಹಾಆಆ!" ಎಂದು ಉಸಿರು ಬಿಟ್ಟಳು. ಬಾಯಿಂದ ದಟ್ಟ ಬಿಳಿ ಹೊಗೆ ನುಗ್ಗಿತು.

"ಓಡ್ರೋ!" ಎಂದು ಗಣಿತದ ಮೇಷ್ಟ್ರು ಕಿರುಚಿದ. ನಿಲುವಂಗಿಗಳು ಹಾರಾಡುತ್ತ, ನೆರೆತ ಗಡ್ಡಗಳು ಕೇಕೆ ಹಾಕುತ್ತ, ಇಡೀ ದಂಡು ಇಳಿಜಾರಿನಲ್ಲಿ ಎದ್ದುಬಿದ್ದು ಓಡಿತು.