ಬಾಂಗ್ಸಾರಿನ ಬಾಣಂತಿ

“ದರಿದ್ರ ಮುಂಡೇದೇ, ಉಂಡೆ ಕಟ್ಟೋವಾಗ ಎದೆಹಾಲು ಸುರಿಸ್ಕೊಂಡು ನಿಂತಿದೀಯಲ್ಲೇ! ಥೂ, ಹೋಗಿ ರವಿಕೆ ಬದಲಾಯಿಸು.”

ಸುಗಂಧಿ ಎದೆಯ ಮೇಲೆ ಸೆರಗೆಳೆದುಕೊಂಡಳು. ಅಡುಗೆಮನೆಯ ಹಿಂದೆ, ವಾಷಿಂಗ್ ಮೆಷಿನ್ ಪಕ್ಕದ ಚಾಪೆಯ ಮೇಲೆ ಅವಳ ಕೂಸು ಅಳುತ್ತಿತ್ತು. ಅದು ಅತ್ತಾಗಲೆಲ್ಲ ಹಾಲು ತಾನಾಗಿ ಇಳಿಯುತ್ತಿತ್ತು. ಅದಕ್ಕೆ ಮನೆಯೊಡತಿ ಸ್ವರ್ಣಲತಮ್ಮನ ಅಪ್ಪಣೆ ಬೇಕಿರಲಿಲ್ಲ.

ಪುರುಡು ಕಳೆಯುವವರೆಗೆ ತಾಯಿ, ಕೂಸು ಇಬ್ಬರನ್ನೂ ಅಲ್ಲೇ ಇಟ್ಟಿದ್ದರು. ಊಟದ ತಟ್ಟೆಯನ್ನು ಕಾಲಿನಿಂದ ಒಳಗೆ ತಳ್ಳುತ್ತಿದ್ದರು. ಪುರುಡು ಕಳೆದ ಬೆಳಿಗ್ಗೆಯೇ ಸುಗಂಧಿಯ ಕೈಗೆ ಸೌಟು ಬಂತು. ಕೂಸು ಮಾತ್ರ ಅಲ್ಲೇ ಉಳಿಯಿತು. ಈ ಪರದೇಶಕ್ಕೆ ಮನೆಗೆಲಸದ ಪರ್ಮಿಟ್‌ನಲ್ಲಿ ಬಂದವಳು ಹೆರುವ ಹಾಗಿರಲಿಲ್ಲ. ಕೊರೊನಾದಿಂದ ವಿಮಾನ ನಿಂತು ಅವಳನ್ನು ಊರಿಗೆ ಕಳಿಸಲೂ ಆಗಲಿಲ್ಲ, ಬೇರೆ ಕೆಲಸದವಳೂ ಸಿಗಲಿಲ್ಲ. ಹಾಗಾಗಿ ಬಾಂಗ್ಸಾರ್ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಕೂಸೇ ಇಲ್ಲವೆಂಬಂತೆ ಎಲ್ಲರೂ ಓಡಾಡುತ್ತಿದ್ದರು.

ಸ್ವರ್ಣಲತಮ್ಮನ ಮಗಳು ನವ್ಯಾ ಎರಡು ಗಂಟೆ ದಾರಿಯ ಮೆಲಾಕಾದಲ್ಲಿ ಹೆತ್ತಿದ್ದಳು. ಪೊಲೀಸರು ದಾರಿ ಮುಚ್ಚಿ, ಮಗಳ ಬಾಣಂತನಕ್ಕೆ ಹೋಗಲಾಗದೆ ಸ್ವರ್ಣಲತಮ್ಮ ಬಿಕ್ಕಿ ಅತ್ತಿದ್ದರು. ಆ ಅಳುವಿನಿಂದಲೇ ‘ತಾಯಿಮಡಿಲು’ ಸಂಘ ಹುಟ್ಟಿದ್ದು. ಊರಿಂದ ಅಮ್ಮಂದಿರು ಬರಲಾಗದ, ಮೊದಲ ಹೆರಿಗೆಯ ಕನ್ನಡದ ಹುಡುಗಿಯರಿಗೆ ಅಂಟಿನುಂಡೆ, ಓಮದ ಪುಡಿ, ನಾಲ್ಕು ಬೆಚ್ಚನೆಯ ಮಾತು. ಇವತ್ತು ಜೂಮ್‌ನಲ್ಲಿ ಅದರ ಮೊದಲ ಸಭೆ. ಉಂಡೆಗಳನ್ನೆಲ್ಲ ಕಟ್ಟಿದವಳು ಸುಗಂಧಿ. ಕೈಗಂಟಿದ ಬೆಲ್ಲ ನೆಕ್ಕಲು ಹೋಗಿ “ಎಂಜಲು!” ಎಂದು ಬೈಸಿಕೊಂಡಿದ್ದಳು.

“ಅವ್ವಾ, ಒಸಿ ಹಾಲು ಕುಡಿಸ್ಬುಟ್ಟು ಬತ್ತೀನಿ.”

“ಅದೆಲ್ಲಾ ಸಭೆ ಮುಗಿದ ಮೇಲೆ.” ಸ್ವರ್ಣಲತಮ್ಮ ಕೆಮ್ಮಿನ ಔಷಧಿಯ ಬಾಟಲಿ ಚಾಚಿದರು. “ಇದು ಒಂದು ಚಮಚ ಹಾಕು. ಬಿದ್ಕೊಂಡಿರುತ್ತೆ.”

“ಹಸುಗೂಸು ಕನವ್ವ ಅದು! ಸತ್ತೋದ್ರೆ?”

“ನಿನ್ನ ಪಾಸ್‌ಪೋರ್ಟ್ ಯಜಮಾನರ ಬೀರುವಿನಲ್ಲಿದೆ. ಅದು ನೆನಪಿರಲಿ.”

ಬಾಟಲಿ ಹಿಡಿದು ಚಾಪೆಯ ಬಳಿ ಹೋದಾಗ ಗಂಡನ ಫೋನ್ ಬಂತು. ಅದೇ ಊರಿನ ಬ್ರಿಕ್‌ಫೀಲ್ಡ್ಸ್‌ನ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಸಿದ್ದರಾಜು ಕೂಸನ್ನು ಇನ್ನೂ ಕೈಯಲ್ಲಿ ಎತ್ತಿಕೊಂಡವನಲ್ಲ.

“ಕೊರೊನಾ ಅಂತ ನಮ್ ಬಿಲ್ಡಿಂಗ್ ಸುತ್ತ ಮುಳ್ತಂತಿ ಸುತ್ಬುಟ್ಟವ್ರೆ ಕನಮ್ಮಿ. ಈಚ್ಗ ಬುಡದಿಲ್ಲ ಈ ಸೂಳೆಮಕ್ಳು. ಕೂಸ ತೋರ್ಸು.”

ತೋರಿಸಿದಳು.

“ನನ್ ಮೂಗೇಯ! ಯಾಕಮ್ಮಿ ಹಂಗ ಅಳ್ತದ? ಹಸ್ಕಂಡದ ಕನಮ್ಮಿ, ಕುಡ್ಸು.”

ಮುಳ್ಳುತಂತಿಯ ಆಚೆ ಇರುವವನಿಗೂ ಗೊತ್ತಾಯಿತಲ್ಲ ಎಂದು ಅವಳಿಗೆ ನಗು ಬಂತು. ಫೋನಿಟ್ಟು ಔಷಧಿಯನ್ನು ಮೋರಿಗೆ ಸುರಿದಳು. ಕೂಸಿನ ಬಾಯಿಗೆ ಮೊಲೆಯಿಟ್ಟಳಷ್ಟೇ, ಹಾಲ್‌ನಿಂದ ಕೂಗು ಬಂತು.

“ಸುಗಂಧೀ, ತಟ್ಟೆ ತಗೊಂಡ್ ಬಾ!”

ಕೂಸಿನ ಬಾಯಿಂದ ಮೊಲೆ ಬಿಡಿಸಿಕೊಂಡು ಎದ್ದಳು.

ಲ್ಯಾಪ್‌ಟಾಪಿನ ಮುಂದೆ ಉಂಡೆಯ ತಟ್ಟೆ ಹಿಡಿದು ನಿಂತಳು. ಕೈ ಮಾತ್ರ ಕಾಣಬೇಕು, ಮುಖ ಕಾಣಬಾರದು. ಪರದೆಯ ತುಂಬ ಚೌಕ ಚೌಕವಾಗಿ ಹೆಂಗಸರು.

“ಮೊದಲ ಸಲ ತಾಯಿಯಾದವಳು, ನಾನು ಒಬ್ಬಂಟಿ ಅಂತ ಯಾವತ್ತೂ ಅಂದ್ಕೋಬಾರದು,” ಎನ್ನುತ್ತಿದ್ದರು ಸ್ವರ್ಣಲತಮ್ಮ. ಅವರ ಕಣ್ಣು ನಿಜಕ್ಕೂ ತುಂಬಿತ್ತು.

ಒಳಗೆ ಕೂಸು ಕಿರುಚಿತು.

“ಆಂಟೀ, ನಿಮ್ಮ ಕಡೆನೇ ಮಗು ಅಳ್ತಿದೆ ಲಾ. ಯಾರದು?” ಅಲ್ಲಿನವರಂತೆ ‘ಲಾ’ ಹಚ್ಚಿ ಪರದೆಯಿಂದ ಒಬ್ಬಳು ಕೇಳಿದಳು.

“ಅದಾ... ಟಿವಿ ಕಣಮ್ಮ. ಸೀರಿಯಲ್ಲು.”

ಸುಗಂಧಿ ತಟ್ಟೆ ಕೆಳಗಿಟ್ಟಳು. ಒಳಹೋಗಿ ಕೂಸನ್ನೆತ್ತಿಕೊಂಡು ಬಂದಳು. ದಿನವೂ ಒರೆಸಿಯೂ ಎಂದೂ ಕೂರದ ಬಿಳಿ ಸೋಫಾದ ಮೇಲೆ, ಸ್ವರ್ಣಲತಮ್ಮನ ಪಕ್ಕಕ್ಕೇ ಕೂತು, ರವಿಕೆ ಬಿಚ್ಚಿದಳು.

“ಟಿವಿ ಅಲ್ಲ ಕನ್ರವ್ವ. ನನ್ ಕೂಸು. ಮೊದಲ್ನೇದು.”

ಒಂದು ಚೌಕ ಕಪ್ಪಾಯಿತು. ಆಮೇಲೆ ಇನ್ನೊಂದು. ಕೂಸು ಗುಟುಕು ಹಾಕುವ ಸದ್ದು ಹಾಲ್‌ನಲ್ಲೆಲ್ಲ ಕೇಳುತ್ತಿತ್ತು. ಕೊನೆಗೆ ಉಳಿದವಳು ನವ್ಯಾ, ಹೆಗಲ ಮೇಲೆ ತನ್ನ ಮಗು.

“ಅಮ್ಮಾ, ಟಿವಿ ಅಂದ್ಯಲ್ಲಾ?”

“ನೀನೂ ಆಫ್ ಮಾಡೇ!”

ನವ್ಯಾ ಆಫ್ ಮಾಡಲಿಲ್ಲ. ಸ್ವರ್ಣಲತಮ್ಮನೇ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದರು. ಬೀರುವಿದ್ದ ಕೋಣೆಯ ಕಡೆ ತಿರುಗಿ ಕೂಗಿದರು, “ರೀ, ಇವಳನ್ನ ಕರ್ಕೊಂಡ್ ಬಂದ ಏಜೆಂಟ್‌ಗೆ ಈಗಲೇ ಫೋನ್ ಮಾಡಿ!”

ಕೋಣೆಯ ಬಾಗಿಲು ತೆರೆಯಿತು.

ಸುಗಂಧಿ ಕೂಸನ್ನು ಇನ್ನೊಂದು ಮೊಲೆಗೆ ಬದಲಿಸಿಕೊಂಡಳು.